ಹಣ್ಣು ಯಾಕೆ ಅಳ್ತವೆ?

ನಾನು ಚಿಕ್ಕವಳಿದ್ದಾಗ ತಮಿಳುನಾಡಿನ ಗಡಿಯಲ್ಲಿ, ಕೆಲಮಂಗಲದಾಚೆಯ ನಮ್ಮೂರಿನ ಶಾಲೆಗೆ ಇದ್ದದ್ದು ಒಂದೇ ಕೋಣೆ. ಮೇಲೆ ಹೆಂಚು, ಕೆಳಗೆ ಸಗಣಿ ಸಾರಿಸಿದ ನೆಲ. ಚಿಕ್ಕ ತರಗತಿಯ ನಾವು ಮುಂದೆ, ದೊಡ್ಡ ತರಗತಿಯ ಅಕ್ಕ ಮತ್ತು ಅವಳ ಜೊತೆಯವರು ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದೆವು. ಮಧ್ಯಾಹ್ನವಾದರೆ ಹೆಂಚು ಕಾದು ನೆತ್ತಿ ಸುಡುತ್ತಿತ್ತು. ಕಿಟಕಿಯಿಂದ ಹುಣಸೆ ಹೂವಿನ ಹುಳಿ ವಾಸನೆ ಬರುತ್ತಿತ್ತು.

ಲೆಕ್ಕದ ಮೇಷ್ಟ್ರು ನಮ್ಮ ಕಡೆಯವರೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಆಡುತ್ತಿದ್ದರು. ಒಂದು ದಿನವೂ ಶಾಲೆ ತಪ್ಪಿಸಿದವರಲ್ಲ. ಅವರ ಅಕ್ಷರ ಅಚ್ಚು ಒತ್ತಿದಂತೆ ಇರುತ್ತಿತ್ತು. ಬೋರ್ಡಿನ ಕಡೆ ತಿರುಗಿ ನಿಂತರೆಂದರೆ ಸೀಮೆಸುಣ್ಣ ಸವೆಯುವವರೆಗೂ ಬರೆಯುತ್ತಿದ್ದರು. ಕೊನೆಗೆ ಬೆನ್ನು ತಿರುಗಿಸಿಕೊಂಡೇ "ಪುರಿಂಜದಾ?", ಅರ್ಥವಾಯಿತೇ, ಅಂತ ಕೇಳಿದರೆ ನಾವೆಲ್ಲ ರಾಗವಾಗಿ "ಪುರಿಂಜದು ಸಾರ್" ಅನ್ನುತ್ತಿದ್ದೆವು. ಅರ್ಥವಾಗದವರ ದನಿಯೇ ಎಲ್ಲಕ್ಕಿಂತ ಜೋರಾಗಿರುತ್ತಿತ್ತು.

ಅಕ್ಕನ ದನಿ ಮಾತ್ರ ಕೇಳಿಸುತ್ತಿರಲಿಲ್ಲ. ನಾನು ಪಕ್ಕದ ಮನೆಯ ತಮಿಳು ಮಕ್ಕಳ ಜೊತೆ ಬೀದಿಯಲ್ಲಿ ಆಡಿ ಆಡಿ ಅವರ ಮಾತು ಕಲಿತಿದ್ದೆ. ಅಕ್ಕನಿಗೆ ಆಟಕ್ಕೆ ಪುರಸೊತ್ತು ಎಲ್ಲಿತ್ತು? ಹಸುವಿಗೆ ಹುಲ್ಲು, ಒಲೆಗೆ ಸೌದೆ, ರೇಷ್ಮೆಹುಳುವಿಗೆ ಸೊಪ್ಪು, ಎಲ್ಲ ಅವಳ ಪಾಲಿಗೆ. ಹಾಗಾಗಿ ತಮಿಳು ತಿಳಿಯದೆ ಎರಡು ಸಲ ಒಂದೇ ತರಗತಿಯಲ್ಲಿ ಉಳಿದಳು. ಕೊನೆಗೆ ಅಪ್ಪ ಅವಳನ್ನು ಶಾಲೆ ಬಿಡಿಸುವುದೆಂದು ತೀರ್ಮಾನ ಮಾಡಿದರು. ಆ ರಾತ್ರಿ ಅದನ್ನು ಕೇಳಿದ ಅಕ್ಕ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮಾರನೆಯ ದಿನ ಅಪ್ಪ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ಶಾಲೆಯ ಬಾಗಿಲಲ್ಲಿ ನಿಂತರು. "ಇವ್ಳು ನಾಳೆಯಿಂದ ಬರಾಕಿಲ್ಲ ಸಾರ್. ಹೆಸ್ರು ತೆಗ್ದಾಕ್ಬುಡಿ. ಸೊಪ್ಪು ಕೀಳಾಕೆ ಆಳಿಲ್ಲ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಡಲಿಲ್ಲ. "ಕರ್ಕೊಂಡೋಗಿ. ಇವಳ ತಲೆಗೆ ಲೆಕ್ಕ ಹತ್ತಾಕಿಲ್ಲ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಅವರಿಗೆ ಹಾಗೇ ಅನ್ನಿಸಿತ್ತು.

ಆಗ ಮುಂದೆ ಬಂದವರು ಶಾಲೆಯ ಇನ್ನೊಬ್ಬರು, ನಾವೆಲ್ಲ ಟೀಚರ್ ಅಂತ ಕರೆಯುತ್ತಿದ್ದ ಹೆಂಗಸು. ತಮಿಳು ಸೀಮೆಯ ಒಳಗಿನ ಕಾವೇರಿ ಕಡೆಯ ಊರಿನಿಂದ ಹೊಸದಾಗಿ ಬಂದಿದ್ದರು. ಕನ್ನಡದ ಒಂದು ಮಾತೂ ಬರುತ್ತಿರಲಿಲ್ಲ. ಅಪ್ಪನಿಗೆ ಸ್ವಲ್ಪ ಇರಿ ಎಂದು ಕೈಸನ್ನೆ ಮಾಡಿ, ಅಕ್ಕನ ಸ್ಲೇಟು ತೆಗೆದುಕೊಂಡು ನೋಡಿದರು. ಬೆಳಿಗ್ಗೆ ಅವರು ಪುಸ್ತಕದಿಂದ ಒಂದು ಲೆಕ್ಕ ಓದಿ ಹೇಳಿದ್ದರು. ಬುಟ್ಟಿಯಲ್ಲಿ ನಲವತ್ತು ಮಾವಿನಹಣ್ಣು, ಅದರಲ್ಲಿ ಹನ್ನೆರಡು 'ಅಳುಗಿ ವಿಟ್ಟನ', ಉಳಿದದ್ದು ಎಷ್ಟು ಅಂತ. ಅಕ್ಕನ ಸ್ಲೇಟಿನಲ್ಲಿ ಒಂದು ಗೆರೆಯೂ ಇರಲಿಲ್ಲ.

ಯಾಕೆ ಬರೆಯಲಿಲ್ಲ ಅಂತ ಕೇಳಿದರು. ಅಕ್ಕ ನೆಲ ನೋಡಿದಳು. ಟೀಚರ್ ಸುತ್ತ ಕಣ್ಣಾಡಿಸಿ ನನ್ನನ್ನು ಕರೆದು, "ನಿನ್ನ ಮಾತಿನಲ್ಲಿ ಕೇಳು" ಎಂದು ತಮಿಳಿನಲ್ಲಿ ಹೇಳಿದರು.

"ಯಾಕಕ್ಕ ಬರೀಲಿಲ್ಲ?"

ಅಕ್ಕ ನನ್ನ ಕಿವಿಯ ಹತ್ತಿರ ಬಂದಳು. "ಹಣ್ಣು ಯಾಕೆ ಅಳ್ತವೆ? ಅತ್ರೆ ಕಮ್ಮಿ ಆಗ್ತವಾ?"

ನಾನು ಅದನ್ನೇ ತಮಿಳಿನಲ್ಲಿ ಜೋರಾಗಿ ಹೇಳಿದೆ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಲೆಕ್ಕದ ಮೇಷ್ಟ್ರೂ ನಕ್ಕರು. ಅಕ್ಕನ ಕಿವಿ ಕೆಂಪಾಯಿತು. ಟೀಚರ್ ಒಬ್ಬರೇ ನಗಲಿಲ್ಲ. ಎಲ್ಲರಿಗೂ ಕೈ ತೋರಿಸಿ ಸುಮ್ಮನಿರಿಸಿ, ಅಕ್ಕ 'ಅಳುಗಿ' ಅಂದರೆ ಏನೆಂದುಕೊಂಡಳು ಅಂತ ನನ್ನನ್ನು ಕೇಳಿದರು. ನಾನು ಕಣ್ಣುಜ್ಜಿಕೊಂಡು ತೋರಿಸಿದೆ. ಅವರು, "'ಅಳುಗಿ' ಅನ್ನುವುದಕ್ಕೆ ನಿಮ್ಮಲ್ಲಿ ಏನನ್ನುತ್ತೀರೋ ಅದನ್ನು ಅವಳಿಗೆ ಹೇಳು" ಅಂದರು.

"ಕೊಳ್ತೋಗವೆ ಕಣಕ್ಕ."

"ಹಂಗಂದ್ರೆ ಇಪ್ಪತ್ತೆಂಟು" ಅಂದಳು ಅಕ್ಕ, ಸ್ಲೇಟು ಮುಟ್ಟದೆಯೇ.

ಟೀಚರ್ ಅಪ್ಪನ ಕಡೆ ತಿರುಗಿ, ಅವರಿಗೆ ತಿಳಿಯುವಂತೆ ನಿಧಾನವಾಗಿ ತಮಿಳಿನಲ್ಲಿ ಹೇಳಿದರು: "ಹುಡುಗಿಗೆ ಲೆಕ್ಕ ಬರುತ್ತದೆ ಅಯ್ಯಾ. ನಾನು ಕೇಳಿದ ರೀತಿ ಸರಿಯಿರಲಿಲ್ಲ. ತಪ್ಪು ನನ್ನದು. ಇವಳನ್ನು ಬಿಡಿಸಬೇಡಿ."

ತಪ್ಪು ನನ್ನದು ಎನ್ನುವ ಮೇಷ್ಟ್ರನ್ನು ಅಪ್ಪ ಅದುವರೆಗೆ ಕಂಡಿರಲಿಲ್ಲ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಅಕ್ಕನನ್ನು ಒಮ್ಮೆ, ಹೊರಗಿನ ಬಿಸಿಲನ್ನು ಒಮ್ಮೆ ನೋಡಿದರು. "ಬೆಳಿಗ್ಗೆ ಸೊಪ್ಪು ಕಿತ್ತಾಕಿ ಬರ್ಲಿ ಬುಡಿ. ಓದ್ಕಳ್ಳಿ" ಅಂದು ಹೊರಟುಬಿಟ್ಟರು. ಅಕ್ಕ ತನ್ನ ಜಾಗಕ್ಕೆ ಹೋಗಿ ಕೂತಳು.

ಅಂದಿನಿಂದ ಟೀಚರ್ ನಮ್ಮಿಂದ ಕನ್ನಡ ಕಲಿಯತೊಡಗಿದರು. ಹಾಲನ್ನು 'ಆಲು' ಅಂದರೆ ನಾವು ನಗುತ್ತಿದ್ದೆವು, ಅವರೂ ನಕ್ಕು ಮತ್ತೆ ಹೇಳುತ್ತಿದ್ದರು. ಅವರೇ ತಪ್ಪು ಮಾಡಿ ನಗುವಾಗ ನಮಗೆ ತಪ್ಪಿನ ಭಯ ಹೋಯಿತು. ಅವರ ಅಕ್ಷರ ಸೊಟ್ಟಗಿತ್ತು. ಕೂಡುವಾಗ ಕೆಲವೊಮ್ಮೆ ಎಡವುತ್ತಿದ್ದರು, ನಾವು ತೋರಿಸಿದರೆ ಅಳಿಸಿ ಮತ್ತೆ ಬರೆಯುತ್ತಿದ್ದರು. ಲೆಕ್ಕದ ಮೇಷ್ಟ್ರು ಕೊನೆಯವರೆಗೂ ಬೋರ್ಡಿಗೇ ಪಾಠ ಮಾಡಿದರು. ಅವರು ಕೆಟ್ಟವರಲ್ಲ, ಅವರಷ್ಟು ತಿಳಿದವರು ಸುತ್ತಮುತ್ತ ಇರಲಿಲ್ಲ. ಆದರೆ ಹತ್ತನೆಯ ತರಗತಿ ಮುಗಿಸಿ ದೇಂಕಣಿಕೋಟೆಯ ಆಸ್ಪತ್ರೆಯಲ್ಲಿ ನರ್ಸ್ ಆದ ಅಕ್ಕ, ವಯಸ್ಸಾದ ಮೇಲೂ ಹಬ್ಬಕ್ಕೆ ನೋಡಲು ಹೋಗುತ್ತಿದ್ದದ್ದು ಟೀಚರನ್ನೇ.

ಈಗ ಮೊಮ್ಮಕ್ಕಳು ನೀವು ಹಳದಿ ಬಸ್ಸಿನಲ್ಲಿ ಹೊಸೂರಿನ ಶಾಲೆಗೆ ಹೋಗುತ್ತೀರಿ. ನಿಮ್ಮ ತರಗತಿಯ ಗೋಡೆಯ ಮೇಲೆ ಪರದೆ ಇದೆ, ಅದರಲ್ಲಿ ಭೂಮಿ ಬಣ್ಣಬಣ್ಣವಾಗಿ ತಿರುಗುತ್ತದೆ. ನಾನಂತೂ ಅಂಥದ್ದನ್ನು ಕನಸಿನಲ್ಲೂ ಕಂಡವಳಲ್ಲ. ಆದರೆ ಮೊನ್ನೆ ನೀನು ಒಂದು ಮಾತು ಹೇಳಿದೆಯಲ್ಲ ಪುಟ್ಟಿ, ಗ್ರಹಣದ ಪಾಠ ತಿಳಿಯದೆ ನೀನು ಸುಮ್ಮನೆ ಕೂತಾಗ ನಿಮ್ಮ ಮಿಸ್ ಪರದೆ ನಿಲ್ಲಿಸಿ, "ಎಲ್ಲಿಂದ ತಿಳಿಯಲಿಲ್ಲ ಹೇಳು, ಅಲ್ಲಿಂದಲೇ ಶುರು ಮಾಡೋಣ" ಅಂದರು ಅಂತ. ಮುಂದಿನ ಸಲ ಪೋಷಕರ ಸಭೆಗೆ ನಾನೂ ಬರುತ್ತೇನೆ. ಪರದೆ ಇರಲಿ, ಆ ಮಿಸ್ಸನ್ನು ತೋರಿಸು.