ಸಾಧು ರೇಜರ್ ಬಿಟ್ಟ ಮೇಲೆ

ಬೆಳಗಾಗೆದ್ದು ಒಂದೇ ಕೆನ್ನೆಯನ್ನು ಮತ್ತೆ ಮತ್ತೆ ಹೆರೆಯಬೇಕಾದ ಮನುಷ್ಯನಿಗೆ ಬೆಳಗಿನ ಮೇಲೆ ಎಂಥ ಪ್ರೀತಿ ಉಳಿದೀತು? ಕನ್ನಡಿಗಂತೂ ಉಳಿದಿರಲಿಲ್ಲ. ಕನ್ನಡಿ ಎಂದರೆ ಬಚ್ಚಲ ಗೋಡೆಗೆ ತೂಗುಹಾಕಿದ್ದಲ್ಲ, ಅದರ ಮುಂದೆ ನಿಂತವನು. ಕೋಲ್ಡ್ ಸ್ಟೋರೇಜಿನ ಗ್ಯಾಸ್ ರೂಮಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನ ನುಣುಪು ಕೆನ್ನೆ ನೋಡಿ ಯಾರೋ ತಮಾಷೆಗೆ ಇಟ್ಟ ಹೆಸರು. ಈಗ ಐವತ್ತು ದಾಟಿದೆ, ತಲೆ ಮುಕ್ಕಾಲು ಖಾಲಿಯಾಗಿದೆ, ಹೆಸರು ಮಾತ್ರ ಬಿಟ್ಟಿಲ್ಲ.

ಗ್ಯಾಸ್ ರೂಮಿನವರಿಗೆ ಗಡ್ಡ ಅಂದಚೆಂದದ ಮಾತಲ್ಲ. ಹಣ್ಣು, ಆಲೂಗಡ್ಡೆ, ಬೆಣ್ಣೆಯನ್ನೆಲ್ಲ ತಣ್ಣಗಿಡುವ ಯಂತ್ರಗಳ ಹೊಟ್ಟೆಯಲ್ಲಿ ಓಡಾಡುವುದು ಅಮೋನಿಯ. ಪೈಪಿನೊಳಗೆ ಇರುವಷ್ಟು ಹೊತ್ತು ಅದು ಹೇಳಿದ ಹಾಗೆ ಕೇಳುವ ಆಳು. ಹೊರಗೆ ಬಂತೋ, ಕಣ್ಣು ಮೂಗು ಎದೆ ಯಾವುದನ್ನೂ ಬಿಡುವುದಿಲ್ಲ. ಎಲ್ಲಾದರೂ ಸೋರಿತೆಂದರೆ ಇಬ್ಬರು ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ವಾಲ್ವ್ ಬಿಗಿ ಮಾಡಿ ಬರಬೇಕು. ಒಬ್ಬನೇ ಹೋಗುವಂತಿಲ್ಲ, ಒಬ್ಬ ಬಿದ್ದರೆ ಇನ್ನೊಬ್ಬ ಎಳೆದು ತರಬೇಕಲ್ಲ. ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಕಚ್ಚಿಕೊಂಡು ಕೂರಬೇಕು. ಒಂದು ದಿನದ ಗಡ್ಡ ಮೊಳೆತಿದ್ದರೂ ಸಾಕು, ಆ ಸಂದಿಯಲ್ಲಿ ಗ್ಯಾಸ್ ದಾರಿ ಹುಡುಕಿಕೊಳ್ಳುತ್ತದೆ.

ಕನ್ನಡಿಯ ಜೋಡಿ ಅವನ ಹೆಂಡತಿಯ ತಮ್ಮ. ಈ ಬಾಮೈದನನ್ನು ಕೆಲಸಕ್ಕೆ ಸೇರಿಸಿದ್ದೂ ಕನ್ನಡಿಯೇ, ಮಾಸ್ಕಿನ ಪಟ್ಟಿ ಎಳೆದು ಕಟ್ಟುವುದನ್ನು ಕಲಿಸಿದ್ದೂ ಅವನೇ. ಬಾಮೈದನಿಗೆ ಮಾತು ಹೆಚ್ಚು, ಮನೆಯಲ್ಲಿ ಇನ್ನೂ ತೊದಲು ಮಾತಿನ ಮಕ್ಕಳು. "ಭಾವ ಹಿಂದೆ ಇದ್ರೆ ನಾನು ಬೆಂಕಿಗೂ ಹೋಗ್ತೀನಿ" ಎಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳುತ್ತಿದ್ದ. ಕನ್ನಡಿ ಆಗ ಚಹಾ ಲೋಟದೊಳಗೆ ನೋಡುತ್ತ ಕೂರುತ್ತಿದ್ದ. ಹೊಗಳಿಕೆ ಅವನಿಗೆ ಸೇರದೆ ಇರಲಿಲ್ಲ, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುತ್ತಿದ್ದವಳು ಸುರಕ್ಷತೆ ನೋಡಿಕೊಳ್ಳುವ ಆಫೀಸರಮ್ಮ. ಅವಳನ್ನು ಎಲ್ಲರೂ ಬೆನ್ನ ಹಿಂದೆ ಬಾಳೆಹಣ್ಣು ಮೇಡಂ ಎನ್ನುತ್ತಿದ್ದರು. ಕಾರಣವಿತ್ತು. ಮಾಸ್ಕ್ ಹಾಕಿಕೊಂಡವನನ್ನು ಅವಳು ಪ್ಲಾಸ್ಟಿಕ್ಕಿನ ಸಣ್ಣ ಗೂಡಾರದೊಳಗೆ ನಿಲ್ಲಿಸಿ, ಬಾಳೆಹಣ್ಣಿನ ವಾಸನೆ ಬರುವ ಒಂದು ಎಣ್ಣೆಯಲ್ಲಿ ಬಟ್ಟೆ ಅದ್ದಿ ಒಳಗೆ ತೂಗುಹಾಕುತ್ತಿದ್ದಳು. ತಲೆ ಆಡಿಸಿ, ಬಗ್ಗಿ, ಜೋರಾಗಿ ಮಾತಾಡಿ ಎನ್ನುತ್ತಿದ್ದಳು. ಆಮೇಲೆ "ವಾಸನೆ ಬಂತಾ?" ಎಂದು ಕೇಳುತ್ತಿದ್ದಳು. ಬಂದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ಅಳೆಯುವ ಯಂತ್ರ ಗಿಂತ್ರ ಏನೂ ಇಲ್ಲ. ಹಾಕಿಕೊಂಡವನ ಮೂಗೇ ಯಂತ್ರ, ಅವನ ಬಾಯಿಮಾತೇ ಪ್ರಮಾಣ.

ಈ ವರ್ಷ ಕನ್ನಡಿಗೆ ವಾಸನೆ ಬಂತು. ಬಂತು ಎಂದು ಹೇಳಿದ.

ಮೇಡಂ ಅವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಗಡ್ಡ ಸರಿಯಾಗಿ ತೆಗೆದಿಲ್ಲ ನೀವು. ದವಡೆ ಕೆಳಗೆ ಮುಟ್ಟಿ ನೋಡ್ಕೊಳ್ಳಿ, ಮುಳ್ಳು ಮುಳ್ಳು. ಮುಂದಿನ ವಾರ ಇನ್ನೊಂದ್ಸಲ ನೋಡೋಣ. ಆಗಲೂ ವಾಸನೆ ಬಂದ್ರೆ ನಿಮ್ಮನ್ನ ಪ್ಯಾಕಿಂಗಿಗೆ ಹಾಕ್ಬೇಕಾಗುತ್ತೆ."

ಪ್ಯಾಕಿಂಗ್ ಎಂದರೆ ಸೊಂಟ ಬಿದ್ದವರು, ಕಣ್ಣು ಮಂಜಾದವರು ಕೂತು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಜಾಗ. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ಕನ್ನಡಿ ಕಂಡಿರಲಿಲ್ಲ. ಅವನಿಗೆ ಓದು ಹತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ, ನೆಂಟರಿಷ್ಟರ ನಡುವೆ ಅವನು ಬಂದದ್ದೂ ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಗ್ಯಾಸ್ ರೂಮಿನವನು ಎಂಬುದೊಂದೇ ಅವನ ಬಂಡವಾಳ. ಅದೂ ಹೋದರೆ ತಾನು ಯಾರು?

ಹಾಗಾಗಿ ತಪ್ಪೆಲ್ಲ ರೇಜರಿನ ತಲೆಗೆ ಬಂತು.

ಆ ರೇಜರು ಮದುವೆಯ ಹೊಸತರಲ್ಲಿ ಹೆಂಡತಿ ತಂದುಕೊಟ್ಟದ್ದು. ದಿನಾ ಮುಖದ ಮೇಲೆ ಗೀರು ಹಾಕಿಕೊಂಡು ಬರುವ ಗಂಡನನ್ನು ನೋಡಲಾರದೆ ಅಂಗಡಿಯಲ್ಲಿ ಎಲ್ಲಕ್ಕಿಂತ ಪಾಪದ್ದನ್ನು ಕೇಳಿ ತಂದಿದ್ದಳು. ಬ್ಲೇಡಿನ ಅಂಚು ಅದರ ಬಾಯಿಂದ ಹೊರಗೆ ಇಣುಕುವುದೇ ಇಲ್ಲ. ನಿದ್ದೆಗಣ್ಣಿನಲ್ಲಿ ಎಳೆದುಕೊಂಡರೂ ರಕ್ತ ಬಾರದು. ಗಂಡ ಹೆಂಡತಿ ಇಬ್ಬರೂ ಅದನ್ನು ಸಾಧು ಎಂದೇ ಕರೆಯುತ್ತಿದ್ದರು. ಆಗಿನ ಪೀಚು ಗಡ್ಡಕ್ಕೆ ಸಾಧು ಸಾಕಾಗಿತ್ತು. ಈಗ ಗಡ್ಡ ನರೆತು ತಂತಿಯಾಗಿತ್ತು. ಮೊದಲು ಕೂದಲು ಬಾಗಿದ ಕಡೆಗೆ, ಆಮೇಲೆ ಅಡ್ಡ, ಆಮೇಲೆ ಎದುರು, ಮತ್ತೂ ಉಳಿದದ್ದಕ್ಕೆ ಒತ್ತಿ ಒತ್ತಿ. ಮುಗಿಯುವಷ್ಟರಲ್ಲಿ ಮುಖ ಉರಿ ಹತ್ತಿ ಕೈ ಸೋತಿರುತ್ತಿತ್ತು. ಕೆಲಸಕ್ಕೆ ಹೋಗುವ ಮೊದಲೇ ಒಂದು ಪಾಳಿ ಮುಗಿಸಿದ ಆಯಾಸ.

ಕ್ಷೌರದ ಸಾಮಾನು ಮಾರುವ ಅಂಗಡಿಯವನಿಗೆ ಎದೆಮಟ್ಟ ಗಡ್ಡ. ಕನ್ನಡಿ ಅದನ್ನೇ ನೋಡುತ್ತ ಕಾಗದದಲ್ಲಿ ಸುತ್ತಿ ತಂದಿದ್ದ ಸಾಧುವನ್ನು ಗಾಜಿನ ಮೇಲಿಟ್ಟ.

"ಓಹೋ, ಇದಾ!" ಅಂಗಡಿಯವನು ಎತ್ತಿ ತಿರುಗಿಸಿದ. "ಹಾಯೋದೂ ಇಲ್ಲ, ಒದೆಯೋದೂ ಇಲ್ಲ. ಹಾಲೂ ಕೊಡಲ್ಲ ಅನ್ನಿ. ನಿಮ್ಮ ಗಡ್ಡ ಮುದಿಯಾಯ್ತು ಸ್ವಾಮಿ, ರೇಜರ್ ಇನ್ನೂ ಒಂದನೇ ಕ್ಲಾಸಲ್ಲೇ ಇದೆ."

"ಒಂದೆರಡು ಎಳೆತಕ್ಕೆ ಪೂರ್ತಿ ನುಣ್ಣಗಾಗ್ಬೇಕು. ಅಂಥದ್ದು ಕೊಡಿ."

ಅಂಗಡಿಯವನು ಮೂರು ತೆಗೆದಿಟ್ಟ. ಒಂದಕ್ಕೆ ಬಾಚಣಿಗೆಯ ಹಾಗೆ ಹಲ್ಲುಗಳು. ಅದು ವಾರಗಟ್ಟಲೆ ಬಿಟ್ಟ ಗಡ್ಡಕ್ಕಂತೆ. ಇನ್ನೊಂದರ ಕುತ್ತಿಗೆ ತಿರುಗಿಸಿದರೆ ಬ್ಲೇಡು ಬೇಕಾದಷ್ಟು ಹೊರಗೆ ಬರುತ್ತಿತ್ತು. "ಇದು ಒಳ್ಳೇದು ನೋಡಿ. ಧೈರ್ಯ ಇದ್ದ ದಿನ ಜಾಸ್ತಿ ಮಾಡ್ಕೊಳ್ಳಿ, ಇಲ್ಲದ ದಿನ ಕಮ್ಮಿ." ಕನ್ನಡಿ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. ತನ್ನ ಧೈರ್ಯದ ವಿಚಾರ ಅವನಿಗೆ ಗೊತ್ತಿತ್ತು. ಇಂಥದ್ದು ಕೈಗೆ ಸಿಕ್ಕರೆ ದಿನಾ ಕಮ್ಮಿಯಲ್ಲೇ ಇಟ್ಟು ಮತ್ತೆ ಸಾಧುವನ್ನೇ ಮಾಡಿಕೊಳ್ಳುತ್ತಾನೆ. ಮೂರನೆಯದು ಗಿಡ್ಡ ಹಿಡಿಯ, ಭಾರದ ರೇಜರು. ಬ್ಲೇಡಿನ ಕೆಳಗೆ ಅಗಲವಾದ ಸಂದಿ, ಅಂಚು ಕಣ್ಣಿಗೆ ಕಾಣುವಷ್ಟು ಹೊರಗೆ. ಅದನ್ನೇ ತೆಗೆದುಕೊಂಡ.

"ಒಂದು ಮಾತು. ಒತ್ಬೇಡಿ. ಭಾರ ಅದ್ರದ್ದೇ ಇದೆ, ನೀವು ಸುಮ್ನೆ ಹಿಡ್ಕೊಂಡು ಬಿಡ್ಬೇಕು. ಸಾಧುವನ್ನ ಒತ್ತಿ ಒತ್ತಿ ಕೈ ಕೆಟ್ಟಿರುತ್ತೆ ನಿಮ್ದು."

"ನೀವ್ಯಾಕೆ ಗಡ್ಡ ಬಿಟ್ಟಿದ್ದೀರಿ?"

"ಬೆಳಗಿಂದ ಸಂಜೆವರೆಗೂ ಇದೇ ರಾಮಾಯಣ ಹೇಳ್ತೀನಲ್ಲ, ಮನೇಲೂ ಅದೇ ಮಾಡ್ಲಾ?"

ಕನ್ನಡಿ ಬಹಳ ದಿನದ ಮೇಲೆ ನಕ್ಕ.

ಮರುದಿನ ನಗಲು ಏನೂ ಉಳಿಯಲಿಲ್ಲ. ಒತ್ತಬೇಡಿ ಎಂದು ಹೇಳಿದ್ದು ಕಿವಿಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಹಳೆಯ ಅಭ್ಯಾಸದ ಕೈ ಒತ್ತಿತು, ಹೊಸ ರೇಜರು ಕೊಯ್ದಿತು. ದವಡೆ, ಗಂಟಲು, ಮೇಲ್ತುಟಿ ಎಲ್ಲ ಕಡೆ ಕಾಗದದ ಚೂರು ಅಂಟಿಸಿಕೊಂಡು ಹೊರಬಂದವನನ್ನು ನೋಡಿ ಹೆಂಡತಿ ಸೌಟು ಹಿಡಿದೇ ನಿಂತಳು.

"ರೀ, ಗಡ್ಡ ತೆಗೆದ್ರೋ, ಕೋಳಿ ಕುಯ್ದ್ರೋ?"

"ರೇಜರ್ ಹೊಸದು."

"ಸಾಧುಗೇನಾಗಿತ್ತು? ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ."

"ಸುಮ್ನಿರೆ ಸಾಕು" ಎಂದು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಮುಂದಿನ ಹಲ್ಲಿನಲ್ಲಿ ಅಗಿಯುತ್ತ ಕೂತ. ಕಳೆದ ವರ್ಷ ದವಡೆ ಹಲ್ಲುಗಳನ್ನು ಕೀಳಿಸಿಕೊಂಡ ಮೇಲೆ ಅವನ ಊಟ ತಿಂಡಿಯೆಲ್ಲ ಹೀಗೇ. ಪರೀಕ್ಷೆಯ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಸಮಾಧಾನ ಮಾಡುತ್ತಾಳೆ, ಆ ಸಮಾಧಾನಕ್ಕೆ ತಾನು ಸಮಾಧಾನವಾದಂತೆ ಮುಖ ಮಾಡಬೇಕು. ಅಷ್ಟು ಶಕ್ತಿ ಅವನಲ್ಲಿರಲಿಲ್ಲ.

ವಾರ ಮುಗಿಯುವಷ್ಟರಲ್ಲಿ ಕೈ ಕಲಿಯಿತು. ಬಿಸಿನೀರಿನ ಬಟ್ಟೆ ಮುಖದ ಮೇಲೆ ಇಟ್ಟುಕೊಂಡು, ನೊರೆ ದಪ್ಪಗೆ ಹಚ್ಚಿ, ರೇಜರನ್ನು ಅದರ ಭಾರಕ್ಕೇ ಬಿಟ್ಟ. ಚರಚರನೆ ಸದ್ದು ಮಾಡುತ್ತ ಅದು ಇಳಿದ ದಾರಿಯಲ್ಲಿ ಒಂದು ಕೂದಲೂ ಉಳಿಯಲಿಲ್ಲ. ಕೆಳಗೊಮ್ಮೆ, ಮೇಲೊಮ್ಮೆ, ಮುಗಿಯಿತು. ಹಿಂಗೈಯಿಂದ ಕೆನ್ನೆ ಸವರಿ ನೋಡಿದರೆ ಮದುಮಗನ ಮುಖ. ಇಷ್ಟು ಸುಲಭದ್ದಕ್ಕೆ ಇಷ್ಟು ವರ್ಷ ಹೆಣಗಿದೆನಲ್ಲ ಎಂದು ಅವನಿಗೆ ಖುಷಿಗಿಂತ ಹೆಚ್ಚಾಗಿ ದಣಿವೇ ಆಯಿತು. ಪರೀಕ್ಷೆಗೆ ಆ ಮುಖ ಹೊತ್ತುಕೊಂಡು ಹೋದ.

ಗೂಡಾರದೊಳಗೆ ನಿಂತು ತಲೆ ಆಡಿಸಿದ, ಬಗ್ಗಿದ, ಮೇಡಂ ಹೇಳಿಕೊಟ್ಟ ಸಾಲನ್ನು ಜೋರಾಗಿ ಹೇಳಿದ. ಹೇಳುತ್ತಿದ್ದ ಹಾಗೆಯೇ ಬಂತು. ತೆಳ್ಳಗೆ, ಸಿಹಿಯಾಗಿ, ಯಾರೋ ಪಕ್ಕದ ಕೋಣೆಯಲ್ಲಿ ಹಣ್ಣು ಸುಲಿದ ಹಾಗೆ.

"ವಾಸನೆ ಬಂತಾ?"

ಒಂದು ವಾರದ ಗಾಯಗಳು, ಅಷ್ಟೂ ಬೆಳಗುಗಳು ಒಟ್ಟಿಗೆ ಮೈಮೇಲೆ ಬಂದವು. ಇನ್ನು ಯಾವ ರೇಜರು ಹುಡುಕುವುದು? ಯಾವ ಅಂಗಡಿಗೆ ಹೋಗುವುದು? ಅವನಿಗೆ ಸಾಕಾಗಿಹೋಗಿತ್ತು.

"ಇಲ್ಲ ಮೇಡಂ."

ಮೇಡಂ ಪ್ಲಾಸ್ಟಿಕ್ ಸರಿಸಿ ನಕ್ಕಳು. "ನೋಡಿದ್ರಾ, ಮುಖ ಎಷ್ಟು ನುಣ್ಣಗಿದೆ! ದಿನಾ ಹೀಗೇ ಬನ್ನಿ."

ಹೊರಗೆ ಕಾಯುತ್ತಿದ್ದ ಬಾಮೈದ ಬೆನ್ನು ತಟ್ಟಿದ. "ನಾನು ಹೇಳಿರ್ಲಿಲ್ವಾ ಭಾವ? ನಿಮ್ಮನ್ನ ಬಿಟ್ಟು ಬೇರೆಯವರ ಜೊತೆ ನಾನು ಒಳಗೆ ಹೋಗೋದುಂಟಾ?"

ಆ ಮಧ್ಯಾಹ್ನವೇ ಪಂಪಿನ ಹತ್ತಿರ ಒಂದು ವಾಲ್ವ್ ಸೋರಿತು. ಇಬ್ಬರೂ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದರು. ಬಾಮೈದ ಸ್ಪಾನರ್ ಹಾಕಿ ನಟ್ಟು ತಿರುಗಿಸುತ್ತಿದ್ದ, ಕನ್ನಡಿ ಹಿಂದೆ ನಿಂತು ಟಾರ್ಚ್ ಹಿಡಿದಿದ್ದ. ಎಡಗಣ್ಣು ಮೊದಲು ಉರಿಯಿತು, ಆಮೇಲೆ ಮೂಗು. ಗಂಟಲಿಗೆ ಬಂದ ಕೆಮ್ಮನ್ನು ನುಂಗಿದ. ಕೆಮ್ಮಿದರೆ ಜೋಡಿಗೆ ಗೊತ್ತಾಗುತ್ತದೆ. ಬಾಮೈದ ಮಧ್ಯೆ ತಿರುಗಿ, ಎಲ್ಲ ಸರಿ ತಾನೆ ಎಂಬಂತೆ ಹೆಬ್ಬೆರಳು ಎತ್ತಿದ. ಕನ್ನಡಿಯೂ ಹೆಬ್ಬೆರಳು ಎತ್ತಿದ. ತಾನು ಈಗ ಬಿದ್ದರೆ ಅವನೊಬ್ಬನೇ ಎಳೆಯಬೇಕು, ಅವನು ಬಿದ್ದರೆ ಎಳೆಯುವವರೇ ಇಲ್ಲ. ಇದು ಅವನಿಗೆ ಅಲ್ಲಿ ನಿಂತಾಗಲೇ ಚೆನ್ನಾಗಿ ಗೊತ್ತಿತ್ತು. ಹೊರಗೆ ಬಂದಾಗ ಕಣ್ಣು ಕೆಂಡವಾಗಿತ್ತು. ಕಣ್ಣಿಗೆ ಬೆವರು ಹೋಯಿತು ಎಂದ. ಬಾಮೈದ ನಂಬಿದ, ನೀರು ತಂದುಕೊಟ್ಟ.

ಸಂಜೆ ಹೆಂಡತಿ ಪಕ್ಕದಲ್ಲಿ ಕೂತು ಅವನ ಕೆನ್ನೆ ಮುಟ್ಟಿದಳು. ಗಾಯ ಮಾಯ್ದಿದೆಯೇ ಎಂದು ನೋಡಲು ಮುಟ್ಟಿದವಳ ಬೆರಳು ಅಲ್ಲೇ ನಿಂತಿತು.

"ಇದೇನ್ರೀ, ಕೆನ್ನೆ ಇಷ್ಟು ಒಳಗೆ ಹೋಗಿದೆ! ಹಲ್ಲು ಕೀಳಿಸಿದ್ಮೇಲೆ ಹೀಗಾಗಿದೆ. ದಿನಾ ನೋಡೋ ಮುಖ, ನಂಗೆ ಗೊತ್ತೇ ಆಗಿರ್ಲಿಲ್ಲ."

ಕನ್ನಡಿ ತನ್ನ ಕೈಯನ್ನೂ ಅಲ್ಲಿಟ್ಟ. ರಬ್ಬರ್ ಅಂಚು ಕೂರುವ ಜಾಗದಲ್ಲಿ, ದವಡೆಯ ಮೇಲೆ, ಎರಡು ಬೆರಳು ಹಿಡಿಸುವಷ್ಟು ಹಳ್ಳ. ಸೋರಿದ್ದು ಕೂದಲ ಸಂದಿಯಿಂದಲ್ಲ. ಲೋಕದ ಅತ್ಯಂತ ಹರಿತವಾದ ರೇಜರು ತಂದರೂ ಹಳ್ಳವನ್ನು ಹೆರೆಯಲಾಗುವುದಿಲ್ಲ.

ಮರುದಿನ ಪಾಳಿ ಶುರುವಾಗುವ ಮೊದಲೇ ಮೇಡಂ ಮುಂದೆ ಹೋಗಿ ನಿಂತ. "ನಿನ್ನೆ ವಾಸನೆ ಬಂದಿತ್ತು ಮೇಡಂ. ಬರ್ಲಿಲ್ಲ ಅಂತ ಸುಳ್ಳು ಹೇಳ್ದೆ. ಗಡ್ಡ ಅಲ್ಲ, ಕೆನ್ನೆ ಒಳಗೆ ಹೋಗಿದೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನ ಕೆನ್ನೆಯನ್ನೇ ನೋಡುತ್ತ ಕೂತಳು.

"ಇದಕ್ಕೆ ಬೇರೆ ಸೈಜಿನ ಮಾಸ್ಕ್ ಬರುತ್ತೆ. ಎಷ್ಟೋ ಜನರಿಗೆ ತರಿಸಿ ಕೊಟ್ಟಿದ್ದೀನಿ. ವಾಸನೆ ಬಂತು ಅಂದಿದ್ರೆ, ಪ್ಯಾಕಿಂಗಿಗೆ ಹಾಕೋ ಮೊದಲು ನಿನ್ನೆನೇ ಮುಖ ಪೂರ್ತಿ ನೋಡ್ತಿದ್ದೆ, ನಿಮಗೂ ತರಿಸ್ತಿದ್ದೆ."

"ಈಗ ತರಿಸಿ ಮೇಡಂ."

"ತರಿಸ್ತೀನಿ ಅಂತಿಟ್ಕೊಳ್ಳಿ. ಹಾಕಿ ನಿಲ್ಲಿಸಿ, ವಾಸನೆ ಬಂತಾ ಅಂತ ಕೇಳ್ತೀನಿ. ನೀವು ಇಲ್ಲ ಅಂತೀರಿ." ಅವಳು ತಡೆದು ತಡೆದು ಹೇಳಿದಳು. "ನಾನು ಅದನ್ನ ಹೇಗೆ ನಂಬ್ಲಿ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಕನ್ನಡಿಯದು ಒಂದು ಮಾತಿಗೆ ಹೋಯಿತು. ಅವನಿಗೆ ವಾದಿಸಬೇಕು ಎನಿಸಲೂ ಇಲ್ಲ. ತನ್ನ ಮಾಸ್ಕನ್ನು ಮೊಳೆಯಿಂದ ತೆಗೆದು ಮೇಡಂ ಮೇಜಿನ ಮೇಲಿಟ್ಟು ಪ್ಯಾಕಿಂಗ್ ಕಡೆಗೆ ಹೊರಟ.

ಹಾದಿಯಲ್ಲಿ ಬಾಮೈದ ಅಡ್ಡ ನಿಂತಿದ್ದ. ವಿಷಯ ಅಷ್ಟರಲ್ಲಿ ಅವನ ಕಿವಿಗೆ ಬಿದ್ದಿತ್ತು.

"ನಿನ್ನೆ ನಾವು ಒಳಗಿದ್ದಾಗ ನಿಮಗೆ ಗೊತ್ತಿತ್ತಾ ಭಾವ?"

"ಗೊತ್ತಿತ್ತು."

"ನಾನು ತಿರುಗಿ ಬೆರಳು ತೋರಿಸ್ದಾಗ್ಲೂ?"

"ಆಗ್ಲೂ."

ಬಾಮೈದ ಕೈಯಲ್ಲಿದ್ದ ತನ್ನ ಮಾಸ್ಕಿನ ಪಟ್ಟಿಯನ್ನು ಎಳೆದು ನೋಡಿದ, ಸಡಿಲ ಬಿಟ್ಟ. ಗ್ಯಾಸ್ ರೂಮಿನ ಕಡೆಯಿಂದ ಯಾರೋ ಅವನನ್ನು ಕರೆದರು. ಇವತ್ತಿನಿಂದ ಅವನ ಜೊತೆ ಹೋಗಬೇಕಾದ ಬೇರೆ ಜೋಡಿ. ಅವನು ಅತ್ತ ಎರಡು ಹೆಜ್ಜೆ ಹಾಕಿ ನಿಂತ, ಆದರೆ ಭಾವನ ಮುಖ ನೋಡಲಿಲ್ಲ.

"ಅಕ್ಕಂಗೆ ಇದನ್ನ ಹೇಳ್ಬೇಡಿ" ಎಂದ. "ಅವಳಾದ್ರೂ ನಿಮ್ಮನ್ನ ನಂಬ್ಕೊಂಡಿರ್ಲಿ."