ಭಾಗವತರು ನಿಲ್ಲಿಸಿದ ಜಾಗ

ನಮ್ಮೂರಿನ ಶನಿವಾರದ ಭಜನಾ ಮಂಡಳಿಗೆ ಮೂಡಲಪಾಯ ಆಡುವ ಯೋಗ್ಯತೆ ಇದೆಯೆಂದು ಯಾರೂ ಹೇಳಿರಲಿಲ್ಲ. ನಾವೇ ಸಭೆ ಸೇರಿ, ಹಾಜರಿದ್ದವರೆಲ್ಲ ಕೈಯೆತ್ತಿ, ಇದೆಯೆಂದು ತೀರ್ಮಾನಿಸಿದೆವು. ಮೂಡಲಪಾಯವೆಂದರೆ ನಮ್ಮ ಸೀಮೆಯ ಯಕ್ಷಗಾನ. ಆರಿಸಿಕೊಂಡದ್ದು ಎಷ್ಟೋ ಕಾಲದಿಂದ ಯಾವ ಬಯಲಿನಲ್ಲೂ ಆಡದ ಒಂದು ಪ್ರಸಂಗ. ಕೇಳಿದವರಿಲ್ಲದಿದ್ದರೆ ತಪ್ಪು ಹಿಡಿಯುವವರೂ ಇರುವುದಿಲ್ಲ ಎಂಬುದು ನಮ್ಮ ದೂರದೃಷ್ಟಿ.

ಮಿಕ್ಕ ಪದಗಳ ಮಟ್ಟುಗಳನ್ನು ಹಳಬರು ನೆನಪಿನಿಂದ ಹೇಳಿಕೊಟ್ಟರು. ಯುದ್ಧಕ್ಕೆ ಹೊರಟ ರಾಜನನ್ನು ರಾಣಿ ತಡೆಯುವ ಪದವೊಂದು ಮಾತ್ರ ನಮ್ಮೂರ ಭಾಗವತರ ಗಂಟಲಲ್ಲಿತ್ತು. ಆಟಕ್ಕೆಲ್ಲ ಹಾಡುತ್ತಿದ್ದ ಅವರು ತೀರಿಕೊಂಡು ವರ್ಷಗಳಾಗಿದ್ದವು. ಕೊನೆಗಾಲದಲ್ಲಿ ಯಾರೋ ಅವರ ಜಗಲಿಯಲ್ಲಿ ಕೂತು ಆ ಪದವನ್ನು ಕ್ಯಾಸೆಟ್ಟಿಗೆ ತುಂಬಿದ್ದರು. ಅದು ಭಾಗವತರ ಹೆಂಡತಿಯ ಪೆಟ್ಟಿಗೆಯಲ್ಲಿತ್ತು.

"ನಾನು ಒಂದು ದಿನಾನೂ ಕೇಳಿಲ್ಲ ಕಣಪ್ಪ, ನನ್ನ ಕೈಲಾಗಕಿಲ್ಲ. ನೀವು ಕೇಳ್ಕಳಿ. ನನ್ನ ಮುಂದೆ ಮಾತ್ರ ಹಾಕ್ಬ್ಯಾಡಿ," ಎಂದು ಕೊಟ್ಟರು.

ಅಭ್ಯಾಸ ನಡೆದದ್ದು ಶೆಟ್ಟಿಕೆರೆ ರಸ್ತೆಯ ತೋಟದ ಮನೆಯೊಂದರಲ್ಲಿ, ಕೊಬ್ಬರಿ ಅಟ್ಟದ ಕೆಳಗೆ. ಮೇಲೆ ಇಲಿ ಓಡಿದಾಗ ಒಣಕಾಯಿ ಉರುಳಿ ನಮ್ಮ ತಾಳ ತಪ್ಪಿಸುತ್ತಿತ್ತು. ಭಾಗವತರೇ ಇಲ್ಲವಾದ್ದರಿಂದ ಹಿಮ್ಮೇಳದ ನಾವು ನಾಲ್ವರು ಗುಂಪಾಗಿ ಹಾಡಬೇಕು. ತಾಳ ನನ್ನ ಕೈಯಲ್ಲಿ. ಕ್ಯಾಸೆಟ್ಟಿನ ದನಿ ಸಣ್ಣಗಿತ್ತು, ಆದರೆ ಪಕ್ಕದ ಕಂಬಕ್ಕೆ ಒರಗಿ ಹಾಡುತ್ತಿರುವಷ್ಟು ಹತ್ತಿರವಿತ್ತು. ಎರಡನೆಯ ಸಾಲಿನಲ್ಲಿ, ಒಂದು ಮಾತಿನ ಅರ್ಧಕ್ಕೆ, ಅದು ನಿಲ್ಲುತ್ತಿತ್ತು. ಆಮೇಲೆ ಬರೀ ಸುಯ್ಯೆನ್ನುವ ಟೇಪಿನ ಸದ್ದು. ಸ್ವಲ್ಪ ಹೊತ್ತಿಗೆ 'ಟಣ್' ಎಂದೊಂದು ದನಿ. ಮತ್ತೆ ಹಾಡು, ಬಿಟ್ಟಲ್ಲಿಂದಲೇ.

ಈ ನಿಲುಗಡೆಯ ಕುರಿತು ಘನವಾದ ಚರ್ಚೆ ನಡೆಯಿತು. ಅದು ರಾಣಿಯ ಗದ್ಗದವೆಂದು ನಾನು ವಾದಿಸಿದೆ. ನಾಲ್ವರಲ್ಲಿ ಒಬ್ಬನಾದ ಮದ್ದಳೆಯವನು ಒಪ್ಪಲಿಲ್ಲ. "ಹಳೇ ಕಾಲದ ಗುಟ್ಟಿನ ತಾಳ ಕಣ್ಲಾ ಇದು. ಈಗಿನವ್ರಿಗೆ ಬತ್ತದಾ?"

ನಾವು ನಿಷ್ಠೆಯಿಂದ ಕಲಿತೆವು. ನಾಲ್ವರೂ ಒಟ್ಟಿಗೆ ಬಾಯಿ ಮುಚ್ಚುವುದು, ನಾನು ತಾಳದಲ್ಲಿ ಟಣ್ ಎನ್ನಿಸುವುದು, ನಾಲ್ವರೂ ಒಟ್ಟಿಗೆ ಬಾಯಿ ತೆರೆಯುವುದು. ಇಡೀ ಪ್ರಸಂಗದಲ್ಲಿ ನಮಗೆ ಚೊಕ್ಕವಾಗಿ ಬರುತ್ತಿದ್ದುದು ಹಾಡದೇ ಇರುವ ಆ ಭಾಗವೊಂದೇ.

ಆಟಕ್ಕೆ ಒಂದು ವಾರವಿದ್ದಾಗ ಭಾಗವತರ ಹೆಂಡತಿ ಬಂದರು. "ನಿಮ್ಮ ಬಾಯಲ್ಲಾದ್ರೆ ಕೇಳ್ತೀನಿ, ಅವ್ರ ದನಿ ಅಲ್ವಲ್ಲ," ಎಂದು ಬಾಗಿಲ ಬಳಿ ಗೋಣಿಚೀಲದ ಮೇಲೆ ಕೂತರು. ನಾವು ರಾಣಿಯ ಪದ ಎತ್ತಿದೆವು. ಆ ಜಾಗಕ್ಕೆ ಬಂದು ನಿಲ್ಲಿಸಿದೆವು. ಆಕೆ ಥಟ್ಟನೆ ಎದ್ದರು. ಬಲಗೈ ಮುಂದಕ್ಕೆ ಚಾಚಿತ್ತು, ಯಾರಿಗೋ ಏನನ್ನೋ ಕೊಡುವ ಹಾಗೆ. ನಾನು ಟಣ್ ಎನ್ನಿಸಿದೆ.

"ಅದು ನಮ್ಮನೆ ಚೊಂಬು," ಎಂದರು ಆಕೆ. "ಉಸಿರು ಸಿಗ್ತಿರಲಿಲ್ಲ ಅವ್ರಿಗೆ. ನಾನು ನೀರು ಕುಡಿಸಿ ಕೆಳಗಿಟ್ಟ ಸದ್ದು ಅದು."

ನಾನು ತಾಳವನ್ನು ಮಡಿಲಲ್ಲಿ ಮುಚ್ಚಿಕೊಂಡೆ. ಮದ್ದಳೆಯವನು, "ನಮಗೆ ಗೊತ್ತಾಗಲಿಲ್ಲ ದೊಡ್ಡಮ್ಮ," ಎಂದ.

"ಇರ್ಲಿ ಬುಡು. ಆದ್ರೆ ಊರ ಮುಂದೆ ಅವ್ರನ್ನ ಏದುಸಿರು ಬುಡಿಸ್ಬ್ಯಾಡ್ರಪ್ಪ. ಆ ಪದಾನ ಒಂದೇ ಉಸ್ರಲ್ಲಿ ಹೇಳ್ಬೇಕು ಅಂತ ಕೊನೇತನಕ ಅಂತಿದ್ರು. ನೀವು ನಿಲ್ಲಿಸದಂಗೆ ಹೇಳ್ಬುಡಿ."

ಆಗಲಿ ಎಂದೆವು. ಹೊಸದಾಗಿ ಕಲಿಯುವುದೇನೂ ಇರಲಿಲ್ಲ, ನಿಲ್ಲಿಸಬಾರದು, ಅಷ್ಟೇ. ಆದರೆ ಅಲ್ಲಿಗೆ ಬರುತ್ತಲೂ ನಾಲ್ಕು ಬಾಯಿಗಳೂ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ವೇಗ ಹೆಚ್ಚಿಸಿ ನೋಡಿದೆವು. ಒಬ್ಬರನ್ನೊಬ್ಬರು ಚಿವುಟಿ ನೋಡಿದೆವು. ಚಿವುಟಿಸಿಕೊಂಡವನು ಅಯ್ಯೋ ಎಂದು, ಆಮೇಲೆ ನಿಲ್ಲಿಸಿದ. ನಗು ಬರಲಿಲ್ಲ. ಆ ಮೌನದಲ್ಲಿ ಈಗ ನಮ್ಮ ಎದೆಗಳೂ ಬಿಗಿಯುತ್ತಿದ್ದವು. ದೆವ್ವ ಭೂತ ನಂಬದ ಮದ್ದಳೆಯವನು ತೋಟದ ಅಡ್ಡದಾರಿ ಬಿಟ್ಟು ರಸ್ತೆ ಹಿಡಿದು ಮನೆಗೆ ಹೋಗತೊಡಗಿದ. ಹತ್ತಿರವಾಗುತ್ತದೆ ಎಂದ. ಆಗುವುದಿಲ್ಲ. ನಾನು ತಿದ್ದದೆ ಅವನ ಜೊತೆಗೇ ನಡೆದೆ.

ಆಟದ ಸಂಜೆ ಆಕೆ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ರಾಣಿಯ ಪದ ಬಂದಾಗ ನಾನು ತಾಳ ಕೆಳಗಿಟ್ಟು ಪಕ್ಕದವನ ಕೈ ಹಿಡಿದೆ. ಅವನು ತನ್ನ ಪಕ್ಕದವನ ಕೈ ಹಿಡಿದ. ಎರಡನೆಯ ಸಾಲು ಬಂತು. ಆ ಮಾತಿನ ಅರ್ಧ ಬಂತು. ಮದ್ದಳೆ ನಿಲ್ಲಲಿಲ್ಲ. ಕಣ್ಣು ಮುಚ್ಚಿ, ಕೊಂಚ ಅಪಸ್ವರದಲ್ಲಿ, ನಾವೂ ಆಚೆಗೆ ದಾಟಿಬಿಟ್ಟೆವು. ಜನಕ್ಕೆ ಏನೂ ತಿಳಿಯಲಿಲ್ಲ. ಆಕೆ ಮಾತ್ರ ತಲೆ ತಗ್ಗಿಸಿ ಕೂತಿದ್ದರು.

ಆಟ ಮುಗಿದು ಕೊಬ್ಬರಿ ಎಣ್ಣೆ ಹಚ್ಚಿ ರಾಣಿ ವೇಷದವನ ಬಣ್ಣ ಒರೆಸುತ್ತಿದ್ದಾಗ ಆಕೆ ಒಳಗೆ ಬಂದರು.

"ಪೂರ್ತಿ ಹೇಳಿದ್ರಿ. ಸಮಾಧಾನ ಆಗಿರ್ತದೆ ಅವ್ರಿಗೆ." ಅಷ್ಟು ಹೇಳಿಯೂ ಹೋಗಲಿಲ್ಲ. "ಆ ಕ್ಯಾಸೆಟ್ ಕೊಡ್ರಪ್ಪ."

ಮದ್ದಳೆಯವನು ತೆಗೆದುಕೊಟ್ಟ. "ಈಗ ಕೇಳ್ತೀರಾ ದೊಡ್ಡಮ್ಮ?"

"ಇಲ್ಲ ಕಣಪ್ಪ. ಇದ್ರೊಳಗೆ ಇನ್ನೂ ಉಸಿರಿಗೆ ಒದ್ದಾಡ್ತಾ ಅವ್ರೆ. ಒಬ್ಬರನ್ನೇ ಹೆಂಗೆ ಬುಡ್ಲಿ?"

ನಾನು ಟಾರ್ಚ್ ಹಿಡಿದು ಮನೆಯ ತಿರುವಿನವರೆಗೆ ಹಿಂದೆ ಹಿಂದೆ ಹೋದೆ. ದಾರಿಯಲ್ಲಿ ಎರಡು ಸಲ, ಕೈಯ ಕ್ಯಾಸೆಟ್ಟಿನ ಕಡೆ ನೋಡುತ್ತಾ, ನಿಂತರು. ಆಕೆಗೆ ದಣಿವಾದಂತೇನೂ ಕಾಣಲಿಲ್ಲ. ನಾನೂ ನಿಂತೆ.