ಎ ಸೈಡಿನ ಕೊನೆಯ ಹಾಡು

ದೇವಲಾಪುರದ ಹಾಲಿನ ಡೈರಿಯ ಸೆಕ್ರೆಟರಿ ಚಲುವರಾಜುವಿಗೆ ಒಂದು ಹುಚ್ಚಿತ್ತು. ಯಾವ ಪಿಚ್ಚರೇ ಬರಲಿ, ಅದು ಬರುವ ಮೊದಲೇ ಅದರ ಕ್ಯಾಸೆಟ್ಟು ಅವನ ಕೈಯಲ್ಲಿರಬೇಕು. ಆಗ, ಅಂದರೆ ತೊಂಬತ್ಮೂರು ತೊಂಬತ್ನಾಲ್ಕರ ಸುಮಾರಿಗೆ, ಹಾಡು ಮೊದಲು ಬರುತ್ತಿತ್ತು, ಪಿಚ್ಚರ್ ತನಗೆ ಬಿಡುವಾದಾಗ ಬರುತ್ತಿತ್ತು. ಬೆಂಗಳೂರು ಮೈಸೂರು ಮುಗಿಸಿ, ಮಂಡ್ಯದಲ್ಲಿ ಒಂದಷ್ಟು ವಾರ ಓಡಿ, ನಾಗಮಂಗಲಕ್ಕೆ ಅದು ತಲುಪಬೇಕಾದರೆ, ಹಾಡು ಬಂದಾಗ ಬಿತ್ತಿದ ರಾಗಿ ಕಣ ಸೇರಿರುತ್ತಿತ್ತು. ಅಷ್ಟು ದಿನ ಬಾಯಿ ಮುಚ್ಚಿಕೊಂಡು ಕಾಯುವುದು ಚಲುವರಾಜುವಿನ ಜಾಯಮಾನವೇ ಅಲ್ಲ.

ನಾಗಮಂಗಲದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಶಿವಣ್ಣನ ಕ್ಯಾಸೆಟ್ ಅಂಗಡಿ. ಹೊಸದು ಬಂತೆಂದರೆ ಶಿವಣ್ಣ ಹಾಲಿನ ಲಾರಿಯ ಡ್ರೈವರ್ ಕೈಲಿ ಹೇಳಿ ಕಳಿಸುತ್ತಿದ್ದ. ಮಾರನೆಯ ಬೆಳಿಗ್ಗೆ ಡೈರಿಯ ಮೇಜಿನ ಮೇಲೆ, ಲ್ಯಾಕ್ಟೋಮೀಟರಿನ ಪಕ್ಕ, ಟೇಪ್ ರೆಕಾರ್ಡರು ಹಾಡಲು ಶುರು ಮಾಡುತ್ತಿತ್ತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಸುಮ್ಮನೆ ಹಾಡು ಕೇಳಿ ಹೋಗುವ ಪೈಕಿ ಅಲ್ಲ. ‘ಏನ್ಲಾ ಇದ್ರ ಕತೆ?’ ಎನ್ನುತ್ತಿದ್ದರು. ಕತೆ ಚಲುವರಾಜುವಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. ಡಬ್ಬಿಯ ಮೇಲಿನ ಚಿತ್ರ ನೋಡುತ್ತಿದ್ದ, ಹಾಡುಗಳನ್ನು ಎ ಸೈಡಿನಿಂದ ಬಿ ಸೈಡಿನವರೆಗೆ ಒಂದರ ಹಿಂದೆ ಒಂದು ಜೋಡಿಸುತ್ತಿದ್ದ, ಕತೆ ಕಟ್ಟುತ್ತಿದ್ದ. ಮೊದಲನೆಯ ಹಾಡಿನಲ್ಲಿ ಪ್ರೀತಿ ಮಾಡಿದವರು ನಾಲ್ಕನೆಯದಕ್ಕೆ ಬೇರೆಯಾಗಬೇಕು, ಆರನೆಯದಕ್ಕೆ ಒಂದಾಗಬೇಕು. ಹಾಡಿನ ಸಾಲೇ ಕತೆಯ ಸಾಲು ಎನ್ನುವುದರಲ್ಲಿ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಪಿಚ್ಚರ್ ನೋಡಿ ಬಂದವರು ಜಗಳಕ್ಕೆ ನಿಲ್ಲುತ್ತಿದ್ದುದೂ ಉಂಟು. ಡೈರಿಯಲ್ಲಿ ಹಾಲು ಅಳೆಯುವ ಮರಿಯಯ್ಯ ಒಮ್ಮೆ ಕ್ಯಾನು ಕುಕ್ಕಿ ಕೇಳಿದ್ದ.

‘ಲೋ ರಾಜ, ಡಬ್ಬಿ ಮ್ಯಾಲಿರೋ ಆ ಮೀಸೆಯೋನ್ನ ಈರೋಯಿನ್ ಅಣ್ಣ ಅಂದಿದ್ಯಲ್ಲೋ. ನೋಡುದ್ರೆ ಅವನೇ ವಿಲನ್ನು, ಬಂದು ಮದ್ವೆ ನಿಲ್ಲುಸ್ತಾನೆ!’

‘ಅದು ಡೈರೆಕ್ಟ್ರು ಮಾಡಿರೋ ತಪ್ಪು ಬುಡು ಮರಿಯಣ್ಣ,’ ಎಂದಿದ್ದ ಚಲುವರಾಜು, ಕಣ್ಣು ಕೂಡ ಮಿಟುಕಿಸದೆ.

ಇಂಥ ಮಾತುಗಾರನ ಮನೆಯಲ್ಲಿ ಆ ವರ್ಷ ಮಾತೇ ಇರಲಿಲ್ಲ. ಹೆಂಡತಿ ಸೋಮಮ್ಮ ಪಾಲಹಳ್ಳಿಯ ತವರಿನಲ್ಲಿದ್ದಳು. ಚೊಚ್ಚಲು ಹೆರಿಗೆ. ದಿನ ತುಂಬಿಯೇ ಹುಟ್ಟಿದ ಹೆಣ್ಣುಕೂಸು ಉಸಿರು ಮಾತ್ರ ತೆಗೆದುಕೊಳ್ಳಲಿಲ್ಲ. ಸೋಮಮ್ಮನಿಗೆ ಎಚ್ಚರವಾಗುವ ಮೊದಲೇ ಚಲುವರಾಜು ಮತ್ತು ಅವಳ ಅಪ್ಪ ಚಿಕ್ಕಮಾದಯ್ಯ ಕೂಸನ್ನು ಎತ್ತಿಕೊಂಡು ಹೋಗಿ ಪಾಲಹಳ್ಳಿಯ ಗದ್ದೆಯಂಚಿನಲ್ಲಿ ಮಣ್ಣು ಮಾಡಿ ಬಂದಿದ್ದರು. ಹೆತ್ತವಳಿಗೆ ತೋರಿಸಬಾರದು, ಒಮ್ಮೆ ನೋಡಿಬಿಟ್ಟರೆ ಅವಳ ಜೀವವೂ ಅದರ ಹಿಂದೆಯೇ ಹೋಗುತ್ತದೆ ಎಂದು ಹಿರಿಯರು ನಡೆಸಿಕೊಂಡು ಬಂದದ್ದು. ಯಾರೂ ಎದುರು ಹೇಳಲಿಲ್ಲ. ಚಲುವರಾಜುವೂ ಹೇಳಲಿಲ್ಲ.

ಮೂರು ತಿಂಗಳಿಗೆ ಗಂಡನ ಮನೆಗೆ ಬರಬೇಕಾದವಳು ಐದು ತಿಂಗಳಾದರೂ ಬರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಪ್ರತಿ ಭಾನುವಾರ ಬೆಳಗಿನ ಹಾಲು ಮುಗಿಸಿ ಚಲುವರಾಜು ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ಬಸ್ಸು ಬದಲಿಸುತ್ತಾ ಪಾಲಹಳ್ಳಿಗೆ ಹೋಗುತ್ತಿದ್ದ. ಸೋಮಮ್ಮ ಕಾಫಿ ತಂದಿಡುತ್ತಿದ್ದಳು, ಕಂಬಕ್ಕೆ ಒರಗಿ ಕೂರುತ್ತಿದ್ದಳು. ‘ನಡಿ, ಊರಿಗೆ ಹೋಗೋವ,’ ಎಂದರೆ ‘ಬರೋ ವಾರ ನೋಡೋವ,’ ಎನ್ನುತ್ತಿದ್ದಳು. ಅಷ್ಟೇ. ಅತ್ತೆ ಚಿಕ್ಕಬೋರಮ್ಮ ಅವನನ್ನು ಬಸ್ಸಿನವರೆಗೂ ಕಳಿಸಿಕೊಡಲು ಬಂದು, ‘ಒತ್ತಾಯ ಮಾಡ್ಬ್ಯಾಡಿ ಅಳೀಮಯ್ಯ, ನಮ್ ಜೊತೆನೂ ಮಾತಾಡಕಿಲ್ಲ ಅವ್ಳು,’ ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಚಲುವರಾಜುವಿಗೆ ಭಯ ಹತ್ತಿತ್ತು. ಇವಳು ಇನ್ನು ಬರುವುದೇ ಇಲ್ಲವೇನೋ, ಹೀಗೆ ಕಾಫಿ ಕೊಡುತ್ತಾ ಕೊಡುತ್ತಾ ಒಂದು ದಿನ ಪೂರ್ತಿ ಪರಕೀಯಳಾಗಿಬಿಡುತ್ತಾಳೇನೋ ಎಂಬ ಭಯ.

ಆಗ ಬಂತು ಆ ಕ್ಯಾಸೆಟ್ಟು. ಪಿಚ್ಚರಿನ ಹೆಸರು ಇಲ್ಲಿ ಬೇಡ. ಡಬ್ಬಿಯ ಮೇಲೆ ಗಂಡ, ಹೆಂಡತಿ, ನಡುವೆ ಒಂದು ತೊಟ್ಟಿಲು. ಅದನ್ನು ನೋಡಿದ ಚಲುವರಾಜು ಡೈರಿಯಲ್ಲಿ ಹಾಕಲಿಲ್ಲ. ಟೇಪ್ ರೆಕಾರ್ಡರನ್ನು ಟವಲಿನಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪಾಲಹಳ್ಳಿಗೆ ಒಯ್ದ. ಜಗಲಿಯ ಮೇಲೆ ಸೋಮಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಒಂದು ಹಾಡು ಹಾಕಿ, ಅದರ ಕತೆ ಹೇಳಿ, ಟೇಪು ನಿಲ್ಲಿಸಿಬಿಟ್ಟ. ಅವಳು ಕೇಳಿದಳೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ವಾರ ಎರಡನೆಯದು.

ಮೂರನೆಯದು ಎ ಸೈಡಿನ ಕೊನೆಯ ಹಾಡು. ಜೋಗುಳ. ಆದರೆ ಅಳುವ ಜೋಗುಳ. ಗಂಡುದನಿ, ಹಿಂದೆ ಒಂದೇ ಒಂದು ಕೊಳಲು. ಚಲುವರಾಜು ಅದನ್ನು ಹಾಕಬಾರದೆಂದೇ ನಿರ್ಧರಿಸಿ ಕ್ಯಾಸೆಟ್ಟು ತಿರುಗಿಸಲು ಹೋದ. ಸೋಮಮ್ಮ ತಲೆಯೆತ್ತಿದಳು.

‘ಇನ್ನೂ ಒಂದದಲ್ಲ ಈ ಕಡೀಕೆ. ಅದನ್ಯಾಕೆ ಬುಟ್ರಿ?’

ಹಾಕಲೇಬೇಕಾಯಿತು. ಹಾಡು ಮುಗಿಯುವವರೆಗೂ ಅವಳು ಕಾಯಿ ಸುಲಿಯಲಿಲ್ಲ. ಚಲುವರಾಜು ಗಾಬರಿಯಲ್ಲಿ ಬಾಯಿಗೆ ಬಂದ ಕತೆ ಹೇಳಿದ: ರೈಲ್ವೆ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಕೂಸು ತಪ್ಪಿಹೋಗುತ್ತದೆ, ಅಪ್ಪ ಊರೂರು ಅಲೆದು ಹಾಡುತ್ತಾನೆ.

‘ಆಮ್ಯಾಕೆ?’ ಎಂದಳು ಸೋಮಮ್ಮ.

ಕತೆಯ ಬಗ್ಗೆ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. ‘ಆಮ್ಯಾಕೇಂದು ಬರೋ ವಾರ,’ ಎಂದು ಟೇಪು ಕಟ್ಟಿಕೊಂಡು ಹೊರಟವನು ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದ.

ಬಿ ಸೈಡೂ ಹಾಗೆಯೇ ವಾರಕ್ಕೊಂದು ಹಾಡಿನಂತೆ ಮುಗಿಯುತ್ತಾ ಬಂತು. ಅದರ ಕೊನೆಗೆ ಅದೇ ಜೋಗುಳ ಮತ್ತೆ ಬರುತ್ತಿತ್ತು. ಈ ಸಲ ನಗುನಗುತ್ತಾ, ಹೆಣ್ಣುದನಿಯೂ ಸೇರಿ, ಗೆಜ್ಜೆ ತಮಟೆ ಸಮೇತ. ‘ನೋಡ್ದಾ? ಅದೇ ರಾಗ. ಕೂಸು ಸಿಕ್ಬುಡ್ತು,’ ಎಂದ ಚಲುವರಾಜು.

‘ದಿಟವಾಗ್ಲೂ ಸಿಕ್ತದಾ?’

‘ಸಿಕ್ದೆ ಇದ್ರೆ ಇಷ್ಟ್ ಕುಸಿಯಾಗಿ ಆಡ್ತಾರಾ ಕಣಮ್ಮಿ?’

ಸೋಮಮ್ಮ ಮಡಿಲಲ್ಲಿದ್ದ ಮೊರವನ್ನು ಪಕ್ಕಕ್ಕೆ ಸರಿಸಿದಳು. ‘ಅಂಗಾರೆ ಶ್ರೀರಂಗಪಟ್ಣಕ್ಕೆ ಪಿಚ್ಚರ್ ಬಂದಾಗ ನೋಡೋವ. ನೋಡ್ಕಂಡು ಅಂಗೇ ನಿಮ್ ಜೊತೆ ಊರಿಗೆ ಬತ್ತೀನಿ,’ ಎಂದಳು. ಒಳಗೆ ಒಲೆ ಮುಂದಿದ್ದ ಚಿಕ್ಕಬೋರಮ್ಮ ಅದನ್ನು ಕೇಳಿ ಅಳಿಯನಿಗೆ ಒಬ್ಬಟ್ಟು ಮಾಡಿ ಬಡಿಸಿದಳು.

ಪಿಚ್ಚರು ಮಂಡ್ಯಕ್ಕೆ ಬಂದ ದಿನ ಚಲುವರಾಜು ಯಾರಿಗೂ ಹೇಳದೆ ಹೋಗಿ ನೋಡಿದ. ಹೆಂಡತಿಯನ್ನು ಕರೆದುಕೊಂಡು ಹೋಗುವ ಮೊದಲು ದಾರಿ ಸರಿಯಿದೆಯೇ ಎಂದು ನೋಡಿ ಬರುವವರ ಹಾಗೆ ಹೋಗಿದ್ದ. ಇಂಟರ್ವಲ್ಲಿಗೆ ಮುಂಚೆಯೇ ನಗುವ ಜೋಗುಳ ಬಂತು. ಮನೆ ತುಂಬ ಜನ, ತೊಟ್ಟಿಲು, ಹೂವು. ಚಲುವರಾಜುವಿಗೆ ಏನೋ ತಪ್ಪಿದೆ ಅನ್ನಿಸಿತು. ಇಂಟರ್ವಲ್ಲಿನ ಮೇಲೆ ಕೂಸಿಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ. ಕೊಳಲು ಶುರುವಾಯಿತು. ಚಲುವರಾಜು ಎದ್ದು, ಕೂತವರ ಮಂಡಿಗಳನ್ನು ಎಡವುತ್ತಾ ಹೊರಗೆ ಬಂದು, ನಲ್ಲಿಯ ಹತ್ತಿರ ತುಂಬ ಹೊತ್ತು ಮುಖ ತೊಳೆದುಕೊಂಡ.

‘ಅಯ್ಯೋ, ಅವ್ರು ಕತೆ ನೋಡ್ಕಂಡು ಸಾಂಗ್ ಜೋಡುಸ್ತಾರೆ ಅನ್ಕಂಡಿದ್ಯಾ?’ ಎಂದು ನಕ್ಕ ಶಿವಣ್ಣ, ಮಾರನೆಯ ದಿನ ಅಂಗಡಿಗೆ ಬಂದು ಚಲುವರಾಜು ಕೇಳಿದ್ದಕ್ಕೆ. ‘ಟೇಪಿನ ಉದ್ದ ನೋಡ್ಕಂಡು ಯಾವ ಸೈಡ್‌ಗೆ ಯಾವುದು ಇಡಿಸ್ತದೋ ಅದನ್ನ ತುಂಬ್ತಾರೆ ಕಣಯ್ಯ. ಇಷ್ಟ್ ವರ್ಸದಿಂದ ತಗತಾ ಇದೀಯ, ಇಷ್ಟೂ ಗೊತ್ತಿಲ್ವಾ?’

ಗೊತ್ತಿರಲಿಲ್ಲ. ಪ್ರಪಂಚದಲ್ಲಿ ಎಲ್ಲರಿಗೂ ಗೊತ್ತಿದ್ದುದು ಅವನೊಬ್ಬನಿಗೇ ಗೊತ್ತಿರಲಿಲ್ಲ. ಮರಿಯಯ್ಯನ ಮುಂದಾದರೆ ಡೈರೆಕ್ಟರ ತಪ್ಪು ಎಂದು ಹೇಳಿ ಪಾರಾಗಬಹುದಿತ್ತು. ಸೋಮಮ್ಮನ ಮುಂದೆ ಏನು ಹೇಳುವುದು? ಎರಡು ಭಾನುವಾರ ಅವನು ಪಾಲಹಳ್ಳಿಗೆ ಹೋಗಲೇ ಇಲ್ಲ. ಡೈರಿ ಆಡಿಟ್ಟು ಎಂದು ಹೇಳಿ ಕಳಿಸಿದ.

ಮೂರನೆಯ ವಾರ ಹೋದಾಗ ಪಾಲಹಳ್ಳಿಯ ಬಸ್ ಸ್ಟಾಪಿನ ಗೋಡೆಯ ಮೇಲೆಯೇ ಪೋಸ್ಟರು ಅಂಟಿಸಿತ್ತು. ಶ್ರೀರಂಗಪಟ್ಟಣದಲ್ಲಿ ದಿನಕ್ಕೆ ಮೂರು ಆಟ. ಸೋಮಮ್ಮ ಹೊಸ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಬಟ್ಟೆಯ ಚೀಲ. ತಿಂಗಳುಗಟ್ಟಲೆ ಕಂಡಿರದ ಕುಂಕುಮ ಹಣೆಯ ಮೇಲೆ ದುಂಡಗೆ ಕೂತಿತ್ತು. ಅದನ್ನು ನೋಡಿ ಚಲುವರಾಜುವಿಗೆ ಸುಳ್ಳು ಹೇಳುವ ಕಸುವೇ ಉಡುಗಿಹೋಯಿತು.

‘ಸೋಮ, ನಾನ್ ಯೋಳಿದ್ ಕತೆ ತಪ್ಪು,’ ಎಂದ. ‘ಆ ಕುಸಿ ಸಾಂಗು ಮೊದ್ಲೇ ಬಂದೋಯ್ತದೆ. ಅಳೋದು ಕೊನೆಗೆ ಬರೋದು. ಕೂಸು ಸಿಕ್ಕಕಿಲ್ಲ. ತೀರ್ಕಂಬುಡ್ತದೆ.’

ಸೋಮಮ್ಮ ಅವನ ಮುಖವನ್ನೇ ನೋಡಿದಳು. ‘ನೀವು ನೋಡ್ಕಂಡ್ ಬಂದ್ರಾ?’

‘ಅರ್ಧ ನೋಡ್ದೆ. ಆ ಸಾಂಗ್ ಬತ್ತಿದ್ದಂಗೆ ಎದ್ದು ಬಂದ್ಬುಟ್ಟೆ.’

‘ಯಾಕೆ ಎದ್ದು ಬಂದ್ರಿ?’

ಚಲುವರಾಜು ಟವಲಿನಿಂದ ಮುಖ ಒರೆಸಿಕೊಂಡ. ಸೋಮಮ್ಮ ಎದ್ದು ಚೀಲವನ್ನು ಒಳಗೆ ಇಟ್ಟು ಬಂದಳು. ಮುಗಿಯಿತು, ಇವಳಿನ್ನು ಬರುವುದಿಲ್ಲ ಎಂದುಕೊಂಡ ಅವನು.

‘ನಡೀರಿ, ನೋಡೋವ,’ ಎಂದಳು ಅವಳು.

ಮ್ಯಾಟಿನಿ ಆಟ. ಫ್ಯಾನು ತಿರುಗುವ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ನಗುವ ಜೋಗುಳ ಬಂದುಹೋಯಿತು. ಇಂಟರ್ವಲ್ಲಿನಲ್ಲಿ ಅವನು ಕಡ್ಲೆಕಾಯಿ ತಂದ, ಅವಳು ಮುಟ್ಟಲಿಲ್ಲ. ಮತ್ತೆ ದೀಪ ಆರಿತು. ಜ್ವರ ಬಂತು. ಕೊಳಲು ಶುರುವಾದ ಕೂಡಲೇ ಚಲುವರಾಜು ಸೀಟಿನಿಂದ ಎದ್ದ. ಸೋಮಮ್ಮ ಅವನ ಮುಂಗೈ ಹಿಡಿದಳು.

‘ಕೂತ್ಕಳಿ.’

ಕೂತ. ಪರದೆಯ ಮೇಲೆ ಒಬ್ಬ ಅಪ್ಪ ಕೂಸನ್ನು ಎತ್ತಿಕೊಂಡು ನಡೆಯುತ್ತಿದ್ದ, ಅದು ಎಚ್ಚರವಾಗಿಬಿಟ್ಟೀತು ಎಂಬಂತೆ ನಿಧಾನಕ್ಕೆ. ಅದನ್ನು ನೋಡುತ್ತಿದ್ದ ಚಲುವರಾಜುವಿಗೆ ಒಳಗೆ ಕಟ್ಟಿಕೊಂಡದ್ದೆಲ್ಲ ಒಡೆದುಹೋಯಿತು. ಸದ್ದಿಲ್ಲದೆ ಅಳಲು ನೋಡಿದ, ಆಗಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ, ಬಿಕ್ಕಿ ಬಿಕ್ಕಿ ಅತ್ತ. ಕ್ಯಾನುಗಟ್ಟಲೆ ಹಾಲು ಎತ್ತಿಳಿಸುವ ಗಂಡಸು, ಸೀಟಿನಲ್ಲಿ ಮುದುರಿ ಅತ್ತ. ಸೋಮಮ್ಮ ಹಿಡಿದ ಕೈ ಬಿಡಲಿಲ್ಲ.

ಆಟ ಮುಗಿದು ಬಸ್ ಸ್ಟ್ಯಾಂಡಿಗೆ ಬಂದಾಗ ಪಾಲಹಳ್ಳಿಯ ಬಸ್ಸು ನಿಂತಿತ್ತು. ಕಂಡಕ್ಟರು ಕೂಗುತ್ತಿದ್ದ. ಸೋಮಮ್ಮ ಹತ್ತಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತಳು.

‘ನಿಮ್ಗೆ ಏನೂ ಅನ್ನುಸ್ನಿಲ್ಲ ಅನ್ಕಂಡಿದ್ದೆ ನಾನು,’ ಎಂದಳು. ‘ವಾರ ವಾರ ಬತ್ತಿದ್ರಿ. ಊರ್ ಸುದ್ದಿ ಯೋಳ್ತಿದ್ರಿ, ಪಿಚ್ಚರ್ ಕತೆ ಯೋಳ್ತಿದ್ರಿ. ಅದರ ಇಸ್ಯ ಒಂದ್ ದಿನಾನಾದ್ರೂ ಎತ್ತುದ್ರಾ?’

‘ನೀನು ನೊಂದ್ಕತೀಯ ಅಂತ...’

‘ಒಂಬತ್ ತಿಂಗ್ಳು ಒಟ್ಟೇಲಿ ಇಟ್ಕಂಡಿದ್ದೋಳು ನಾನು. ನೋಡ್ದೋರು ನೀವು.’ ಸೋಮಮ್ಮನ ದನಿ ಅಲ್ಲಿಯವರೆಗೂ ಗಟ್ಟಿಯಾಗಿಯೇ ಇತ್ತು. ‘ಯಾರಂಗಿತ್ತು?’

ಪಾಲಹಳ್ಳಿಯ ಬಸ್ಸು ಹೊರಟುಹೋಯಿತು. ಊರಿಗೆಲ್ಲ ಕತೆ ಹೇಳಿದ ಚಲುವರಾಜು ಬೆಂಚಿನ ಮೇಲೆ ಅವಳ ಪಕ್ಕ ಬಂದು ಕೂತ.

‘ನಿನ್ನಂಗೇ ಇತ್ತು ಕಣಮ್ಮಿ. ಅಣೆ ನಿಂದೇ. ತಲೆ ತುಂಬ ಕೂದ್ಲು. ಎಡಗೈ ಮುಷ್ಟಿ ಕಟ್ಕಂಡಿತ್ತು, ಬಿಡುಸಕ್ಕೆ ಮನ್ಸು ಬರ್ನಿಲ್ಲ. ನನ್ ಟವಲ್‌ನಾಗೇ ಸುತ್ತುದ್ದು. ಬರೀ ಮಣ್ಮೇಲೆ ಮಲಗ್ಸಕೆ ಆಗ್ನಿಲ್ಲ, ಕೆಳಗೆ ಹೊಂಗೆ ಸೊಪ್ಪು ಹಾಸ್ದೆ. ನಿಮ್ಮಪ್ಪ, ಬೇಗ ಆಗ್ಲಿ ಅಂತಿದ್ರು. ನಾನೇ ಇನ್ನೊಂದ್ ಗಳಿಗೆ ಎತ್ಕಂಡಿದ್ದೆ.’

ಸೋಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅಳುತ್ತಲೇ, ‘ಎಷ್ಟ್ ಭಾರ ಇತ್ತು?’ ಎಂದಳು. ‘ಕಣ್ಣು ಪೂರ್ತಿ ಮುಚ್ಚಿತ್ತಾ? ಕಾಲ್ ಬೆರಳು ನೋಡುದ್ರಾ?’

ನಾಗಮಂಗಲದ ಬಸ್ಸು ಬಂತು. ಬಟ್ಟೆಯ ಚೀಲ ತವರಿನಲ್ಲೇ ಉಳಿದಿದ್ದರೂ ಅವಳೇ ಮೊದಲು ಹತ್ತಿ, ಕಿಟಕಿಯ ಪಕ್ಕ ಕೂತು, ಅವನಿಗೆ ಜಾಗ ಬಿಟ್ಟಳು. ಪಾಂಡವಪುರ ದಾಟುವವರೆಗೂ ಕೇಳುತ್ತಲೇ ಇದ್ದಳು. ಚಲುವರಾಜು ತನ್ನದೊಂದು ಮಾತನ್ನೂ ಸೇರಿಸದೆ, ಕಂಡದ್ದನ್ನು ಕಂಡಂತೆ ಹೇಳಿದ.